ಗೀಟು ಬೀಳದ ಸಾಲು

ಮೇಸ್ತ್ರಿ ಹೋದರು ಅನ್ನೋ ಫೋನು ಬಂದಾಗ ನಾನು ಟ್ರ್ಯಾಕ್ಟರಿನವನೊಬ್ಬನಿಗೆ ಫ್ಯಾನ್ ಬೆಲ್ಟು ತೆಗೆದುಕೊಡುತ್ತಿದ್ದೆ. ಬೆಲ್ಟು ಅವನ ಕೈಗಿಟ್ಟು, ಷಟರು ಎಳೆದು, ಹುಣಸೂರಿಂದ ಕೋಟೆ ಬಸ್ಸು ಹತ್ತಿದೆ. ಕೋಟೆಯಲ್ಲಿ ಇಳಿದು ಹಂಪಾಪುರದ ಕಡೆಗೆ ಇನ್ನೊಂದು ಬಸ್ಸು. ಅವರ ಊರು ಅಲ್ಲಿಂದ ಒಂದಷ್ಟು ಒಳಗೆ. ದಾರಿಯುದ್ದಕ್ಕೂ ಒಂದೇ ಯೋಚನೆ: ನಾನು ಹೇಳಬೇಕಾದ ಮಾತು ಒಂದಿತ್ತು, ಕೇಳಬೇಕಾದವರು ಇನ್ನಿಲ್ಲ.

ಮನೆ ಮುಂದೆ ಮಲಗಿಸಿದ್ದರು. ಹುಣಸೂರಿನಿಂದಲೂ ಏಳೆಂಟು ಜನ ಬಂದಿದ್ದರು, ಎಲ್ಲ ಗಾಡಿ ಕೆಲಸದವರೇ. ಹಾರ ಹಿಡಿದು ಸಾಲಲ್ಲಿ ನಿಂತಿದ್ದಾಗ ನನ್ನ ಹಿಂದೆ ಒಬ್ಬ ಹೇಳಿದ, ಎಂಥಾ ಕೆಲಸಗಾರ, ಕಡೇಲಿ ಕೈ ತಪ್ಪಿತು, ಎರಡು ಜೀವ ಹೋಯಿತು ಅಂತ. ಇನ್ನೊಬ್ಬ ತಿದ್ದಿದ: ಕೈ ಅಲ್ಲ, ಕಿವಿ, ಕಿವಿ ಹೋಗಿತ್ತಂತೆ, ಅದಕ್ಕೇ ಎಂಜಿನ್ನಿನ ಮಿಸ್ಸಿಂಗು ಕೇಳಿಸಲಿಲ್ಲವಂತೆ. ನಾನು ತಿರುಗಿ ನೋಡಲಿಲ್ಲ. ಹಾರ ಹಾಕಿದೆ, ಕೈ ಮುಗಿದೆ, ಬಸ್ಸು ಹಿಡಿದು ವಾಪಸ್ಸು ಬಂದುಬಿಟ್ಟೆ.

ಅವರ ಕೈಯೂ ತಪ್ಪಿರಲಿಲ್ಲ, ಕಿವಿಯೂ ಹೋಗಿರಲಿಲ್ಲ. ತಪ್ಪಿದ್ದು ನಾನು. ಅದನ್ನು ಮುಚ್ಚಿಟ್ಟುಕೊಂಡು ಆರು ವರ್ಷ ಗಲ್ಲಾ ಮುಂದೆ ನೆಟ್ಟಗೆ ಕೂತವಳೂ ನಾನೇ. ಈಗ ಬರೆಯೋಕೆ ಕೂತಿದ್ದೀನಿ. ಹೆಸರು ಬೇಡ. ಹುಣಸೂರಿನಲ್ಲಿ ಗಾಡಿ ರಿಪೇರಿ ಮೇಸ್ತ್ರಿ ಅಂದರೆ ಅವರೊಬ್ಬರೇ ಅಂತ ಆಗ ಎಲ್ಲರಿಗೂ ಗೊತ್ತಿತ್ತು.

ನಮ್ಮದು ಗಾಡಿ ಸ್ಪೇರ್ ಪಾರ್ಟ್ಸ್ ಅಂಗಡಿ, ಅಪ್ಪ ಇಟ್ಟದ್ದು. ಅಪ್ಪ ಹಾಸಿಗೆ ಹಿಡಿದಮೇಲೆ ನಾನು ಕೂತೆ. ಹಣೆ ತುಂಬ ವಿಭೂತಿ ಇಟ್ಟುಕೊಂಡ ಹೆಂಗಸು ಗ್ರೀಸು ಡಬ್ಬಿ ನಡುವೆ ಕೂತರೆ ಬಂದ ಗಂಡಸರೆಲ್ಲ ನನ್ನ ತಲೆ ಮೇಲಿಂದ ಒಳಗೆ ಇಣುಕಿ, ಯಾರಾದ್ರೂ ಇದ್ದಾರಾ ಅಂತ ಕೇಳೋರು. ನಾನು ಮನುಷ್ಯಳಲ್ಲ, ಬಾಗಿಲಿಗೆ ಕಟ್ಟಿದ ತೋರಣ! ಹಾಗೆ ಕೇಳದೆ ನೇರ ನನ್ನ ಮುಂದೆ ಒಂದು ಹಳೇ ಪ್ಲಗ್ಗಿಟ್ಟು, ಇಂಥದ್ದು ನಾಕು ಕೊಡಿ ಅಕ್ಕಾರೆ ಅಂದವರು ಮೇಸ್ತ್ರಿ ಒಬ್ಬರೇ. ಕೊಟ್ಟೆ. ಗ್ಯಾಪು ನೋಡುದ್ರಾ ಅಂದರು. ಯಾವ ಗ್ಯಾಪು? ನನಗೇನು ಗೊತ್ತು. ಪ್ಲಗ್ಗಿನ ತುದೀಲಿ ಕಿಡಿ ಹಾರೋ ಸಂದಿ ತೋರಿಸಿದರು. ಕೂದಲೆಳೆ ಹೆಚ್ಚಾದರೂ ಕಷ್ಟ, ಕಮ್ಮಿಯಾದರೂ ಕಷ್ಟ ಅಂತ ಅವತ್ತು ಗೊತ್ತಾಯಿತು.

ಮಾರನೇ ದಿನ ಅವರೇ ಒಂದು ಫೀಲರ್ ಗೇಜು ತಂದುಕೊಟ್ಟರು. ಕೀಲಿಕೈ ಗೊಂಚಲಿನ ಹಾಗೆ ಪೋಣಿಸಿದ ತೆಳ್ಳನೆ ಉಕ್ಕಿನ ಪಟ್ಟಿಗಳು, ಒಂದೊಂದು ಒಂದೊಂದು ದಪ್ಪ. ಸರಿಯಾದ ಪಟ್ಟಿ ಸಂದಿಯೊಳಗೆ ಹೇಗೆ ಸ್ವಲ್ಪ ಹಿಡಿದು ಹಿಡಿದು ಜಾರಬೇಕು ಅಂತ ನನ್ನ ಬೆರಳಿಗೇ ಕಲಿಸಿದರು. ಬೇರೆ ಮೆಕ್ಯಾನಿಕ್‌ಗಳು ಕಬ್ಬಿಣ ಕೊಯ್ಯೋ ಆಕ್ಸಾ ಬ್ಲೇಡು ತೂರಿಸಿ, ಆಯ್ತು ಹಾಕು ಅನ್ನೋರು. ಮೇಸ್ತ್ರಿಗೆ ಅದು ಕಂಡರೆ ಮೈಯೆಲ್ಲ ಉರಿ. ಅವತ್ತಿನಿಂದ ನನ್ನ ಅಂಗಡಿಯಲ್ಲಿ ಪ್ಲಗ್ಗು ಅಳೆದೇ ಕೈಗೆ ಕೊಡೋದು ಅನ್ನೋ ಪದ್ಧತಿ ಶುರುವಾಯಿತು. ಪಿರಿಯಾಪಟ್ಟಣ, ಕೆ.ಆರ್. ನಗರದಿಂದಲೂ ಹುಡುಕಿಕೊಂಡು ಬರೋರು. ಮೇಸ್ತ್ರಿಯಂತೂ ನನ್ನ ಅಂಗಡಿಯ ಪ್ಲಗ್ಗನ್ನು ಮತ್ತೆ ಅಳೆಯುತ್ತಲೇ ಇರಲಿಲ್ಲ. ಒಂದ್ಸಲ ಯಾರೋ ಕೇಳಿದ್ದಕ್ಕೆ, ಅಕ್ಕಾರು ಅಳ್ದವ್ರೆ ಅಂದ್ರೆ ನಾನು ಅಳ್ದಂಗೇ ಅಂದರಂತೆ. ಅದನ್ನು ಕೇಳಿ ನಾನು ಎಷ್ಟು ಬೀಗಿದೆ ಅಂದರೆ, ಮನೆಯಲ್ಲಿ ಒಂದು ವಾರ ಅದೇ ಹೇಳಿದ್ದೀನಿ.

ಅವರ ಗ್ಯಾರೇಜು ಲಕ್ಷ್ಮಣತೀರ್ಥದ ಸೇತುವೆಯ ಹತ್ತಿರ, ನನ್ನ ಅಂಗಡಿಗೆ ಕೂಗಿದರೆ ಕೇಳುವಷ್ಟು ದೂರ. ಬಾಗಿಲು ತಗಡಿನದು. ಆ ಬಾಗಿಲ ಒಳಮೈ ಮೇಲೆ ಸೀಮೆಸುಣ್ಣದಲ್ಲಿ ಬರೆಯೋದು ಅವರ ರೂಢಿ. ಗಾಡಿಗೆ ಏನು ಕಾಯಿಲೆಯೋ, ಅದಕ್ಕೆ ಏನೇನು ಕಾರಣ ಇರಬಹುದೋ, ಎಲ್ಲ ಒಂದರ ಕೆಳಗೊಂದು. ಇದಲ್ಲ ಅಂತ ಖಾತ್ರಿಯಾದದ್ದಕ್ಕೆ ಅಡ್ಡ ಗೀಟು. ಕೊನೆಗೆ ಗೀಟು ಬೀಳದೆ ಯಾವುದು ಉಳೀತದೋ ಅದೇ ಕಳ್ಳ. ಒಂದು ಸಲಕ್ಕೆ ಒಂದೇ ಭಾಗ ಮುಟ್ಟಬೇಕು, ಎರಡು ಮುಟ್ಟಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ತಿಳಿಯೋಲ್ಲ ಅನ್ನೋರು. ಕಾರಣ ಸಿಗೋವರೆಗೂ ಟೀ ಕುಡೀತಿರಲಿಲ್ಲ. ಅವರ ಗ್ಯಾರೇಜಿಗೆ ಟೀ ಹೋಯಿತು ಅಂದರೆ ಯಾರದೋ ಗಾಡಿ ವಾಸಿಯಾಯಿತು ಅಂತ ನಾವೆಲ್ಲ ತಿಳಿದುಕೊಳ್ಳುತ್ತಿದ್ದೆವು.

ಕೆ.ಆರ್. ನಗರದ ಒಬ್ಬ ಡಾಕ್ಟರರ ಕಾರಿನ ಕಥೆ ಹೇಳಬೇಕು. ಟರ್ಬೊ ಗಾಡಿ, ಹೊಸದು. ಊರೊಳಗೆ ಓಡಿಸಿದರೆ ಬೆಣ್ಣೆಯ ಹಾಗೆ. ಹೈವೇಲಿ ಕಾಲು ಒತ್ತಿ, ಎಂಜಿನ್ನಿನ ಸುತ್ತು ತೋರಿಸೋ ಮುಳ್ಳು ನಾಲ್ಕು ಸಾವಿರ ದಾಟಿತೋ, ಕೆಮ್ಮಲು ಶುರು. ಗಾಡಿಯ ಭಾಷೆಯಲ್ಲಿ ಅದಕ್ಕೇ ಮಿಸ್ಸಿಂಗು ಅನ್ನೋದು. ನಾಲ್ಕರಲ್ಲಿ ಒಂದು ಸಿಲಿಂಡರು ಉರಿಯೋದು ಬಿಟ್ಟು ಸುಮ್ಮನಾಗುತ್ತದೆ, ಗಾಡಿ ಮುಗ್ಗರಿಸುತ್ತದೆ. ಮೈಸೂರಿನಲ್ಲಿ ಮೂರು ಕಡೆ ತೋರಿಸಿದ್ದರಂತೆ. ಸ್ಕ್ಯಾನರ್ ಹಾಕಿದರೆ ಮೂರನೇ ಸಿಲಿಂಡರು ಅನ್ನುತ್ತೆ, ಅವರು ಅದರ ಪ್ಲಗ್ಗು ಬದಲಾಯಿಸಿದರು, ಪ್ಲಗ್ಗಿಗೆ ಕರೆಂಟು ಕೊಡೋ ಕಾಯಿಲ್ ಬದಲಾಯಿಸಿದರು, ಇನ್ನೂ ಏನೇನೋ ಬದಲಾಯಿಸಿದರು, ಕೆಮ್ಮು ಮಾತ್ರ ಹಾಗೇ.

ಮೇಸ್ತ್ರಿ ಹೊಸದೇನೂ ಹಾಕಲಿಲ್ಲ. ಮೂರನೇದರ ಕಾಯಿಲನ್ನು ಒಂದನೇದಕ್ಕೆ, ಒಂದನೇದರದ್ದನ್ನು ಮೂರನೇದಕ್ಕೆ ಹಾಕಿ ಓಡಿಸಿದರು. ಬೇನೆ ಎದ್ದು ನಡೀತದಾ, ಕೂತಲ್ಲೇ ಇರ್ತದಾ ನೋಡ್ಬೇಕು ಅನ್ನೋದು ಅವರ ಮಾತು. ಕಾಯಿಲ್ ಹೋದ ಕಡೆ ಬೇನೆಯೂ ಹೋದರೆ ಕಾಯಿಲ್ಲೇ ಕೆಟ್ಟದ್ದು. ಹೋಗಲಿಲ್ಲ, ಬಾಗಿಲ ಮೇಲೆ ಒಂದು ಗೀಟು. ಆಮೇಲೆ ಪ್ಲಗ್ಗು ಅದಲು ಬದಲು, ಇನ್ನೊಂದು ಗೀಟು. ನಾಲ್ಕು ದಿನ ಹೀಗೇ. ಡಾಕ್ಟರಿಗೆ ರೇಗಿತು. ಇಷ್ಟು ದಿನ ಏನ್ರೀ ಮಾಡ್ತೀರಿ ಅಂದರು. ಮೇಸ್ತ್ರಿ ತಣ್ಣಗೆ, "ನೀವು ಒಂದ್ಸಲಕ್ಕೆ ಮೂರು ಮಾತ್ರೆ ಕೊಡ್ತೀರಿ ಸಾರ್. ಯಾವ್ದುರಿಂದ ವಾಸಿಯಾಯ್ತು ಅಂತ ನಿಮ್ಗೇ ಗೊತ್ತಿರಕಿಲ್ಲ. ನಂಗೆ ಗೊತ್ತಾಗ್ಬೇಕು" ಅಂದರು. ಡಾಕ್ಟರು ಪಾಪ ನಕ್ಕುಬಿಟ್ಟರು.

ಐದನೇ ದಿನ ಸಿಕ್ಕಿತು. ಎಂಜಿನ್ನು ಜೋರಾಗಿ ಎಳೆಯುವಾಗ ಒಂದು ಬೆರಳಷ್ಟು ಹಿಂದಕ್ಕೆ ವಾಲುತ್ತದಂತೆ. ಆ ಒಂದು ಬೆರಳಿನ ವಾಲಿಕೆಗೆ ಮೂರನೇ ಕಾಯಿಲಿನ ವೈರು ಬಿಗಿಯಾಗುತ್ತಿತ್ತು, ಇಲಿ ಕಡಿದು ಒಳಗೊಳಗೇ ತುಂಡಾಗಿದ್ದ ಎಳೆ ಬಿಟ್ಟುಕೊಳ್ಳುತ್ತಿತ್ತು. ನಿಂತ ಗಾಡಿಯಲ್ಲಿ ಎಷ್ಟು ಹುಡುಕಿದರೂ ಅದು ಕಾಣೋದಲ್ಲ. ಅಂಗೈ ಉದ್ದದ ವೈರು ಹಾಕಿ ಟೀ ತರಿಸಿದರು.

ಇಂಥ ಗಾಡಿಯನ್ನು ಅವರು ಖಾಲಿ ಓಡಿಸಿ ನೋಡುತ್ತಿರಲಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ಮರಳು ತುಂಬಿದ ಗೋಣಿ ಮೂಟೆಗಳಿದ್ದವು. ಮೂರು ಹಿಂದಿನ ಸೀಟಿಗೆ, ಎರಡು ಡಿಕ್ಕಿಗೆ. ಆಮೇಲೆ ಕೋಟೆ ರಸ್ತೆಯ ಏರಿಗೆ ಹೊಡೆದುಕೊಂಡು ಹೋಗೋದು. ಗಾಡಿಯೊಳಗೆ ರೇಡಿಯೋ ಇಲ್ಲ, ಫೋನಿಲ್ಲ, ಮಾತಿಲ್ಲ. ಓನರು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಒಂದ್ಸಲ ನಾನೂ ಹೋಗಿದ್ದೆ, ಹೇಗಿರುತ್ತೆ ನೋಡೋಣ ಅಂತ. ಏರಿನಲ್ಲಿ ಕಾಲು ಒತ್ತಿದಾಗ ಅವರ ಬಲಗಿವಿ ಚೂರು ಮುಂದಕ್ಕೆ ಬರೋದು, ಬಾಯಿ ಚೂರು ತೆರೆಯೋದು, ಮುಖದಲ್ಲಿ ಮಗು ಕಥೆ ಕೇಳುವ ಗಮನ. ನನಗೆ ಏನೂ ಕೇಳಿಸಲಿಲ್ಲ. ಅವರು ಗಾಡಿ ನಿಲ್ಲಿಸಿ, ಎರಡನೇದು ಒಂದೇ ಒಂದ್ಸಲ ಉಸ್ರು ಕಟ್ತು ಅಂದರು. ವಾಪಸ್ಸು ಬಂದು ಬಿಚ್ಚಿ ನೋಡಿದರೆ ಎರಡನೇದೇ.

ಟರ್ಬೊ ಗಾಡಿಯ ಪ್ಲಗ್ಗಿಗೆ ಸಂದಿ ಯಾಕೆ ಕಮ್ಮಿ ಇರಬೇಕು ಅಂತಲೂ ಅವರೇ ಹೇಳಿಕೊಟ್ಟದ್ದು. ಬೈಕಿನ ಮೇಲೆ ಹೋಗ್ತಾ ಬೀಡಿ ಹಚ್ಚುವಾಗ ಅಂಗೈ ಹೇಗೆ ಹತ್ತಿರ ಹಿಡೀತೀವಿ? ಬೆಂಕಿಕಡ್ಡಿ ದೂರ ಇದ್ದರೆ ಎದುರುಗಾಳಿಗೆ ಆರಿಹೋಗುತ್ತೆ. ಟರ್ಬೊ ಅಂದರೆ ಎಂಜಿನ್ನೊಳಗೆ ಗಾಳಿ ತುರುಕೋ ಯಂತ್ರ, ಅದೇ ಎದುರುಗಾಳಿ. ಸಂದಿ ಅಗಲವಾಗಿದ್ದರೆ ನಿಧಾನಕ್ಕೆ ಹೋಗೋವಾಗ ಏನೂ ಆಗೋಲ್ಲ, ಭಾರ ಹೊತ್ತು ಜೋರಾಗಿ ಎಳೆಯುವಾಗ ಕಿಡಿ ಆರುತ್ತೆ. ಅದೇ ಕಂಪನಿಯ ಅದೇ ಎಂಜಿನ್ನು ಟರ್ಬೊ ಇಲ್ಲದೆಯೂ ಬರುತ್ತದೆ, ಅದರ ಪ್ಲಗ್ಗು ನೋಡಲು ತದ್ರೂಪ, ಸಂದಿ ಮಾತ್ರ ಅಗಲ. ಎರಡೂ ಡಬ್ಬಿ ಒಂದೇ ಬಣ್ಣ. ನನ್ನ ರ‍್ಯಾಕಿನಲ್ಲಿ ಅವು ಅಕ್ಕಪಕ್ಕ ಇದ್ದವು. ಅಕ್ಕಪಕ್ಕ ಇಡಬೇಡಿ ಅಂತ ಅವರು ಎರಡು ಸಲ ಹೇಳಿದ್ದರು. ಅಳೆದೇ ಕೊಡ್ತೀನಲ್ಲ, ನನಗೇನು ಕಣ್ಣು ಕಾಣೋಲ್ವಾ ಅಂತ ನಾನೇ ಬಾಯಿ ಮಾಡಿದ್ದೆ.

ಆವತ್ತಿನ ಗಾಡಿ ಪಿರಿಯಾಪಟ್ಟಣದಾಚೆಯ ಕೊಪ್ಪದ ಕಡೆಯವರದು, ಬೇಕರಿ ಇಟ್ಟುಕೊಂಡಿದ್ದವರು. ಟರ್ಬೊ, ಅದೇ ಏರಿನಲ್ಲಿ ಕೆಮ್ಮೋ ಕಾಯಿಲೆ. ಮೇಸ್ತ್ರಿ ಎರಡು ದಿನದಲ್ಲಿ ಹಿಡಿದರು. ಕಾಯಿಲ್ ಹೋದ ಕಡೆ ಬೇನೆಯೂ ಎದ್ದು ನಡೆದಿತ್ತು. ಹೊಸ ಕಾಯಿಲ್ ಹಾಕಿ, ಮೂಟೆ ಹೇರಿ, ಏರು ಹತ್ತಿಸಿ, ಟೀ ಕುಡಿದಾಗಿತ್ತು. ಇದನ್ನು ಯಾರೂ ಮರೆಯಬಾರದು. ಕಾಯಿಲೆಯನ್ನು ಅವರು ಸರಿಯಾಗೇ ಹಿಡಿದಿದ್ದರು, ಸರಿಯಾಗೇ ವಾಸಿಮಾಡಿದ್ದರು.

ಆಮೇಲೆ ಬೇಕರಿಯವರು, ಹಳೇ ಪ್ಲಗ್ಗು ಸವೆದಿವೆ ಅಂತೀರಿ, ನಾಳೆ ಅಮ್ಮನ್ನ ಕರಕೊಂಡು ಮಡಿಕೇರಿಗೆ ಹೋಗ್ತಾ ಇದ್ದೀನಿ, ಅವನ್ನೂ ಹೊಸದು ಹಾಕಿಬಿಡಿ ಅಂದರು. ಮೇಸ್ತ್ರಿ ನನಗೆ ಫೋನು ಮಾಡಿದರು, ಇಂಥ ಗಾಡಿಗೆ ನಾಕು ಪ್ಲಗ್ಗು ಅಳ್ದು ಮಡಗಿ, ಗಿರಾಕಿ ಬತ್ತಾರೆ ಅಂತ. ಹೊಗೆಸೊಪ್ಪು ಹರಾಜಿನ ಕಾಲ. ಊರ ತುಂಬ ಗಾಡಿ, ಅಂಗಡಿ ತುಂಬ ಜನ. ಒಬ್ಬನಿಗೆ ಬ್ರೇಕು, ಒಬ್ಬನಿಗೆ ಎಣ್ಣೆ, ಎಲ್ಲರಿಗೂ ಈಗಲೇ ಬೇಕು. ಬೇಕರಿಯವರು ಬಂದು ನಿಂತರು. ನಾನು ಹಿಂದಕ್ಕೆ ಕೈ ಹಾಕಿ ನಾಲ್ಕು ಡಬ್ಬಿ ತೆಗೆದು ಮುಂದಿಟ್ಟೆ. ಅಳೆದಿದ್ದೀರಾ ಅಂತ ಮೇಸ್ತ್ರಿ ಕೇಳೋಕೆ ಹೇಳಿದ್ದಾರೆ ಅಂದರು. ಹೂಂ, ಅಳೆದಿದೆ ಅಂದೆ. ಗೇಜು ಡ್ರಾಯರಿನಲ್ಲೇ ಇತ್ತು, ನಾನದನ್ನು ಮುಟ್ಟಿರಲಿಲ್ಲ.

ಸಂಜೆ ಬಾಗಿಲು ಹಾಕೋ ಮುಂಚೆ ರ‍್ಯಾಕು ಜೋಡಿಸುವಾಗ ನೋಡಿದೆ. ಟರ್ಬೊ ಪ್ಲಗ್ಗಿನ ಡಬ್ಬಿಗಳು ಇದ್ದ ಹಾಗೇ ಇದ್ದವು. ಪಕ್ಕದ ಸಾಲಿನಲ್ಲಿ ನಾಲ್ಕು ಇಲ್ಲ. ಫೋನು ಕೈಗೆ ತಗೊಂಡೆ. ತಗೊಂಡು ಕೆಳಗಿಟ್ಟೆ. ಯಾಕೆ ಇಟ್ಟೆ ಅಂತ ಈ ಆರು ವರ್ಷದಲ್ಲಿ ಎಷ್ಟು ಸಲ ಕೇಳಿಕೊಂಡಿದ್ದೀನೋ. ಮೂಟೆ ಹಾಕಿ ಏರಿಗೆ ಹೋಗೇ ಹೋಗ್ತಾರೆ, ಅವರ ಕಿವಿಗೆ ಸಿಗದೆ ಇರುತ್ತಾ, ಅವರೇ ಫೋನು ಮಾಡ್ತಾರೆ ಅಂದುಕೊಂಡೆ. ಇಷ್ಟು ವರ್ಷದಲ್ಲಿ ಒಂದ್ಸಲನೂ ತಪ್ಪಿದವಳಲ್ಲ ಅನ್ನೋ ಬಿಂಕ ಬೇರೆ. ಅಕ್ಕಾರೆ, ಕಣ್ಣು ಕಾಣಕಿಲ್ವಾ ಅಂತ ಅವರು ನಗುವುದನ್ನು ಒಂದು ರಾತ್ರಿ ಮುಂದೂಡೋಣ ಅನಿಸಿತು. ಬೆಳಿಗ್ಗೆ ಹೇಳಿದರಾಯಿತು ಅಂತ ಷಟರು ಎಳೆದೆ.

ಅತ್ತ ಗ್ಯಾರೇಜಿನಲ್ಲಿ ಆದದ್ದು ಆಮೇಲೆ ತಿಳಿಯಿತು. ಪ್ಲಗ್ಗು ಹಾಕಿದ ಮೇಲೆ ಮೇಸ್ತ್ರಿ ಮತ್ತೆ ಮೂಟೆ ಹೇರೋಕೆ ಹೋಗಿದ್ದಾರೆ. ಬೇಕರಿಯವರು ಬೇಡವೇ ಬೇಡ ಅಂದರಂತೆ. ಪ್ಲಗ್ಗು ತರೋಕೆ ಗಾಡಿಯಲ್ಲೇ ಹೋದವರು ಹಾಗೇ ಅದನ್ನು ತೊಳೆಸಿ, ಹೊಸ ಸೀಟು ಕವರು ಹಾಕಿಸಿಕೊಂಡು ಬಂದಿದ್ದರು, ಅಮ್ಮ ಕೂರೋ ಸೀಟು, ಗೋಣಿ ಮಣ್ಣು ಆಗುತ್ತೆ ಅಂತ. ಕಾಯಿಲೆ ಹೇಗೂ ವಾಸಿಯಾಗಿತ್ತು, ಪ್ಲಗ್ಗು ನನ್ನ ಅಂಗಡಿಯದ್ದು, ಅಳೆದದ್ದು. ಮೇಸ್ತ್ರಿ ಸರಿ ಅಂದು ಅವರನ್ನು ಮಾತ್ರ ಕೂರಿಸಿಕೊಂಡು ಏರು ಹತ್ತಿಸಿದರು. ಇಬ್ಬರ ಭಾರಕ್ಕೆ ಗಾಡಿ ಚೆನ್ನಾಗೇ ಎಳೆಯಿತು. ಕೇಳಿಸುವಂಥದ್ದು ಏನೂ ಇರಲಿಲ್ಲ, ಅದಕ್ಕೇ ಕೇಳಿಸಲಿಲ್ಲ.

ಮಾರನೇ ಬೆಳಿಗ್ಗೆ ಬೇಕರಿಯವರು, ಅವರ ತಾಯಿ, ತಮ್ಮ ಹೊರಟರು. ಡಿಕ್ಕಿಯಲ್ಲಿ ನೆಂಟರ ಮನೆಗೆ ಅಕ್ಕಿ ಮೂಟೆ, ತೆಂಗಿನಕಾಯಿ. ಮಡಿಕೇರಿ ಏರಿನಲ್ಲಿ ಮರ ಹೇರಿದ ಲಾರಿಯೊಂದನ್ನು ಹಿಂದೆ ಹಾಕೋಕೆ ಬಲಕ್ಕೆ ಬಂದು ಕಾಲು ಒತ್ತಿದ್ದಾರೆ. ಲಾರಿಯ ಪಕ್ಕಕ್ಕೆ ಬಂದಾಗ ಗಾಡಿ ಕೆಮ್ಮಿತು, ಎಳೆಯಲಿಲ್ಲ. ಎದುರಿಂದ ಟಿಪ್ಪರ್ ಬಂತು. ಬೇಕರಿಯವರು ಅಲ್ಲೇ ಹೋದರು, ತಾಯಿ ಆಸ್ಪತ್ರೆಯಲ್ಲಿ. ತಮ್ಮ ಬದುಕಿದ, ಒಂದು ಕಾಲು ಇವತ್ತಿಗೂ ಎಳೆದು ಹಾಕುತ್ತಾನೆ. ಗಾಡಿ ಕೆಮ್ಮಿತು ಅಂತ ಹೇಳಿದವನು ಅವನೇ. ಹಿಂದಿನ ದಿನವಷ್ಟೇ ಹುಣಸೂರಿನ ಮೇಸ್ತ್ರಿ ರಿಪೇರಿ ಮಾಡಿಕೊಟ್ಟ ಗಾಡಿ ಅಂತಲೂ ಹೇಳಿದ. ಅವನು ಸುಳ್ಳೇನೂ ಹೇಳಲಿಲ್ಲ.

ಮೇಸ್ತ್ರಿಯನ್ನು ಸ್ಟೇಷನ್ನಿಗೆ ಎರಡು ಸಲ ಕರೆಸಿ ಬರೆಸಿಕೊಂಡು ಬಿಟ್ಟರು. ಸ್ಟೇಷನ್ನಿನ ಕಾಂಪೌಂಡಿನಲ್ಲಿ ಆ ಗಾಡಿ ಮುದ್ದೆಯಾಗಿ ನಿಂತಿತ್ತಂತೆ. ಬಾನೆಟ್ಟು ಒಂದ್ಸಲ ಎತ್ತಿ ನೋಡ್ತೀನಿ ಅಂತ ಕೈ ಮುಗಿದು ಕೇಳಿದರಂತೆ; ಬಿಡಲಿಲ್ಲ. ಆಮೇಲೆ ಅದು ಗುಜರಿಗೆ ಹೋಯಿತು. ಪ್ಲಗ್ಗಿನ ಖಾಲಿ ಡಬ್ಬಿಗಳನ್ನು ಅವತ್ತೇ ಗ್ಯಾರೇಜಿನ ಕಸದ ಜೊತೆ ಸುಟ್ಟಾಗಿತ್ತು. ಆ ನಾಲ್ಕು ಪ್ಲಗ್ಗು ಯಾವುವು ಅಂತ ಬಲ್ಲವಳು ಭೂಮಿ ಮೇಲೆ ನಾನೊಬ್ಬಳೇ ಉಳಿದೆ.

ಎಂಟನೇ ದಿನವೋ ಒಂಬತ್ತನೇ ದಿನವೋ ಅಂಗಡಿಗೆ ಬಂದರು. ಗಡ್ಡ ಬೆಳೆದಿತ್ತು, ಕೈ ಮಾತ್ರ ಚೊಕ್ಕ. ಕೆಲಸ ಮುಟ್ಟಿರಲಿಲ್ಲ ಅಂತ ಅದರಲ್ಲೇ ಗೊತ್ತಾಯಿತು. ಬೇರೆ ಗಿರಾಕಿ ಹೋಗೋವರೆಗೂ ಪಕ್ಕಕ್ಕೆ ನಿಂತಿದ್ದು, ಆಮೇಲೆ ಹತ್ತಿರ ಬಂದು ಕೇಳಿದರು.

"ಅಕ್ಕಾರೆ, ಆ ಪ್ಲಗ್ಗು ಟರ್ಬೊದ್ದೇ ತಾನೆ ಕೊಟ್ಟಿದ್ದು?"

"ಟರ್ಬೊದ್ದೇ ಮೇಸ್ತ್ರಿ. ಅಳೆದೇ ಕೊಟ್ಟೆ."

"ನಂಗೊತ್ತು. ತಪ್ಪು ತಿಳ್ಕಬ್ಯಾಡಿ. ಒಂದೊಂದೇ ಕೇಳ್ಕಂಡು ಬರ್ಬೇಕಲ್ಲ, ಅದ್ಕೆ ಕೇಳ್ದೆ."

ಅಷ್ಟೇ. ಮೆಟ್ಟಿಲಿಳಿದು ಹೋದರು. ನಾನು ಯಾಕೆ ಹಾಗಂದೆ? ಹೆದರಿದೆ. ಪೊಲೀಸು, ಕೋರ್ಟು, ಅಪ್ಪನ ಹೆಸರು, ಬೇಕರಿಯವರ ಮನೆಯವರು ಬಂದು ಅಂಗಡಿ ಮುಂದೆ ನಿಂತರೆ ಅಂತ. ಇದೆಲ್ಲ ಆ ಒಂದು ಕ್ಷಣದಲ್ಲಿ ತಲೆಯೊಳಗೆ ಬಂತು, ನಾಲಿಗೆ ತಾನಾಗಿ ಹೊರಳಿತು. ಅವರು ಹೋದಮೇಲೆ ಕೂಗಿ ಕರೆಯಬಹುದಿತ್ತು. ಸೇತುವೆ ತಿರುವು ಮುಟ್ಟೋವರೆಗೂ ಅವರ ಬೆನ್ನು ಕಾಣುತ್ತಿತ್ತು. ಕರೆಯಲಿಲ್ಲ.

ಆಮೇಲಿನ ಮೇಸ್ತ್ರಿ ಬೇರೆಯೇ ಮನುಷ್ಯ. ಅದೇ ಮಾದರಿಯ ಇನ್ನೊಂದು ಗಾಡಿ ಯಾರಿಂದಲೋ ಬೇಡಿ ತಂದು, ಮೂಟೆ ಹಾಕಿ, ಮೂಟೆ ಇಲ್ಲದೆ, ಬೆಳಿಗ್ಗೆ ತಂಪಲ್ಲಿ, ಮಧ್ಯಾಹ್ನ ಬಿಸಿಲಲ್ಲಿ, ಏರು ಹತ್ತಿಸಿ ಇಳಿಸಿ ನೋಡಿದರು. ಅದು ಕೆಮ್ಮಲಿಲ್ಲ. ಹೇಗೆ ಕೆಮ್ಮುತ್ತೆ, ಅದರಲ್ಲಿದ್ದದ್ದು ಸರಿಯಾದ ಪ್ಲಗ್ಗು. ಕಾರು ಮುಟ್ಟೋದು ಬಿಟ್ಟರು. ಮೈಸೂರಿಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿಕೊಂಡು ಬಂದರು. ಏನೂ ತೊಂದರೆ ಇಲ್ಲ, ವಯಸ್ಸಿಗೆ ತಕ್ಕ ಹಾಗಿದೆ ಅಂತ ಬರೆದುಕೊಟ್ಟಿದ್ದರು. ಅದನ್ನು ನನಗೇ ತೋರಿಸಿ, ಇವ್ರು ಪೆಟ್ಗೇಲಿ ಕೂರ್ಸಿ ಬೀಪ್ ಬೀಪ್ ಕೇಳುಸ್ತಾರೆ ಅಕ್ಕಾರೆ, ಮಿಸ್ಸಿಂಗು ಕೇಳುಸ್ತಾರಾ ಅಂದರು. ನಗುತ್ತಾರೇನೋ ಅಂತ ಮುಖ ನೋಡಿದೆ. ನಗಲಿಲ್ಲ.

ವರ್ಷ ತುಂಬೋದರೊಳಗೆ ಗ್ಯಾರೇಜು ಬಿಟ್ಟು ಊರಿಗೆ ಹೋದರು. ಪಂಪ್‌ಸೆಟ್ಟು, ಟಿಲ್ಲರು, ಅಂಥದ್ದೇ ಮಾಡಿಕೊಂಡಿದ್ದರಂತೆ. ಬೆಲ್ಟಿಗೋ ಆಯಿಲ್ ಸೀಲಿಗೋ ಅಪರೂಪಕ್ಕೆ ಅಂಗಡಿಗೆ ಬರೋರು. ನಾನು ಹೇಗಿದ್ದೀರಿ ಅಂದರೆ ಅಂಗೈಯನ್ನು ಕಿವಿಯ ಹಿಂದಕ್ಕೆ ಹಿಡಿದು, ಏನಂದ್ರಿ ಅನ್ನೋರು. ಸೇತುವೆಯಾಚೆ ಹೋಗೋ ಗಾಡಿಯ ಬೇರಿಂಗು ಹೋಗಿದೆ ಅಂತ ನನ್ನ ಅಂಗಡಿಯಲ್ಲಿ ಕೂತು ಹೇಳುತ್ತಿದ್ದ ಮನುಷ್ಯ! ಪ್ರತಿ ಸಲವೂ ಇವತ್ತು ಹೇಳಿಬಿಡೋಣ ಅಂತ ಬಾಯಿ ತೆರೀತಿದ್ದೆ. ಬೆಲ್ಟು ಎಷ್ಟು ಉದ್ದ ಅಂತ ಕೇಳುತ್ತಿದ್ದೆ. ಥೂ, ನನ್ನ ಜನ್ಮಕ್ಕೆ.

ಸಾವಿಗೆ ಹೋದಾಗ ಓಡಿಬಂದೆನಲ್ಲ, ತಿಥಿಗೆ ಹೋಗದೆ ಇರಲಾಗಲಿಲ್ಲ. ಅವರ ಹೆಂಡತಿ ನನ್ನನ್ನು ಕಂಡವರೇ ಕೈ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದರು. ಹಿತ್ತಿಲಲ್ಲಿ ಒಂದು ಶೆಡ್ಡು. ಅದಕ್ಕೆ ಹಾಕಿದ್ದದ್ದು ಹುಣಸೂರಿನ ಗ್ಯಾರೇಜಿನದೇ ತಗಡಿನ ಬಾಗಿಲು, ಬರುವಾಗ ಕಿತ್ತುಕೊಂಡು ಬಂದಿದ್ದಾರೆ. ಅದರ ಒಳಮೈ ತೋರಿಸಿ, ನಂಗೆ ಓದಕ್ಕೆ ಬರಕಿಲ್ಲ, ದಿನಾ ಬೆಳಿಗ್ಗೆ ಇದ್ರ ಮುಂದೆ ಕೂತ್ಕಳೋರು, ಏನು ಬರ್ದವ್ರೆ ಒಂಚೂರು ಓದಿ ಅಕ್ಕಾರೆ ಅಂದರು.

ಸೀಮೆಸುಣ್ಣದಲ್ಲಲ್ಲ, ಬಿಳಿ ಪೇಂಟಿನಲ್ಲಿ ಬರೆದಿದ್ದರು. ಅಕ್ಷರ ನನಗೆ ಗುರುತಿನದು. ಮೇಲಿನ ಸಾಲು ನೋಡಿದೆ. ಅದನ್ನು ಬಿಟ್ಟು ಅದರ ಕೆಳಗಿನ ಸಾಲಿನಿಂದ ಓದುತ್ತ ಬಂದೆ. ಕಾಯಿಲ್, ಗೀಟು. ವೈರು, ಗೀಟು. ಪೆಟ್ರೋಲು ಪಂಪು, ಗೀಟು. ಇಂಜೆಕ್ಟರು, ಗೀಟು. ಗಾಳಿ ಪೈಪು, ಗೀಟು. ಮೂಟೆ ಹಾಕದೆ ಓಡಿಸಿದ್ದು, ಅದಕ್ಕೂ ಗೀಟು. ಕೊನೆಯ ಸಾಲಿಗೆ ಗೀಟಿರಲಿಲ್ಲ: ನನ್ನ ಕಿವಿ.

ಅವರ ಹೆಂಡತಿ ಬಾಗಿಲ ಮೇಲೆ ಬೆರಳಿಟ್ಟು ಕೆಳಗಿನಿಂದ ಮೇಲಕ್ಕೆ ಎಣಿಸಿಕೊಂಡು ಬಂದರು. ಓದಕ್ಕೆ ಬರದಿದ್ದರೇನು, ಎಣಿಸೋಕೆ ಬರುತ್ತಿತ್ತು.

"ಎಂಟು ಸಾಲು ಅವೆ ಅಕ್ಕಾರೆ. ನೀವು ಏಳು ಓದುದ್ರಿ."

ಅವತ್ತೂ ಒಂದು ಸುಳ್ಳು ನಾಲಿಗೆ ತುದಿಗೆ ಬಂದಿತ್ತು. ಏನೂ ಇಲ್ಲ, ಗಾಡಿ ನಂಬರು ಅಂದಿದ್ದರೆ ನಂಬುತ್ತಿದ್ದರು. ನಾನು ಬಾಗಿಲು ಹಿಡಿದುಕೊಂಡು ಓದಿದೆ. "ಪ್ಲಗ್ಗು. ಅಕ್ಕಾರು ಅಳ್ದು ಕೊಟ್ಟವ್ರೆ." ಎಲ್ಲಕ್ಕಿಂತ ಮೊದಲು ಗೀಟು ಹೊಡೆದದ್ದು ಅದಕ್ಕೇ, ಎಲ್ಲಕ್ಕಿಂತ ದಪ್ಪ ಗೀಟು.

ಓದಿ ಆದಮೇಲೆ ಹೇಳಿದೆ. ಅಳೆಯಲಿಲ್ಲ ಅಂತ, ತಪ್ಪು ಡಬ್ಬಿ ಕೊಟ್ಟೆ ಅಂತ, ಆ ಸಂಜೆಯೇ ಗೊತ್ತಾಯಿತು ಅಂತ, ಅವರು ಬಂದು ಕೇಳಿದಾಗ ಸುಳ್ಳು ಹೇಳಿದೆ ಅಂತ. ಒಂದನ್ನೂ ಬಿಡಲಿಲ್ಲ. ಅಳು ಬರಲಿಲ್ಲ, ಅಳೋ ಹಕ್ಕು ನನಗಿದೆ ಅಂತಲೂ ಅನಿಸಲಿಲ್ಲ. ಅವರು ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಅಂತ ನಿಂತಿದ್ದೆ. ಆಯಮ್ಮ ಸೆರಗಿನಲ್ಲಿ ಬಾಗಿಲ ಧೂಳು ಒರೆಸುತ್ತ, ನನ್ನ ಮುಖ ನೋಡದೆ ಮಾತಾಡಿದರು.

"ನಾನು ಕರುದ್ರೂ ತಿರುಗ್ತಿರ್ನಿಲ್ಲ. ಮಾತಾಡ್ಬ್ಯಾಡ, ನಂಗೆ ಕೇಳಕಿಲ್ಲ ಅನ್ನೋರು. ಕೇಳ್ತಿತ್ತು ಅವ್ರ್ಗೆ. ಮಳೆ ಹನಿ ತಗಡಿನ ಮೇಲೆ ಬಿದ್ರೆ ಎದ್ದು ಕೂರೋರು. ಆದ್ರೆ ನಂಬ್ತಿರ್ನಿಲ್ಲ. ಆರು ವರ್ಷ ಮನೇಲಿ ನಾನೊಬ್ಳೇ ಮಾತಾಡಿವ್ನಿ ಅಕ್ಕಾರೆ."

ಸೆರಗು ಕೊಡವಿಕೊಂಡು ನನ್ನ ಕಡೆ ತಿರುಗಿದರು.

"ನಂಗೆ ಹೇಳುದ್ರಿ, ಆಯ್ತು. ಸಾವಿಗೆ ಬಂದು ಅಂಗಂದು ಇಂಗಂದು ಹೋದ್ರಲ್ಲ ಜನ, ಅವ್ರ್ಗೆ ಯಾರು ಹೇಳ್ತಾರೆ?" ಅಂದರು. ಆಮೇಲೆ, ಎಲೆ ಹಾಕವ್ರೆ, ಉಂಡು ಹೋಗಿ ಅಂದು ಒಳಗೆ ಹೋದರು.

ಬಡಿಸಿದ್ದನ್ನು ಉಂಡೆ. ಬಂದಮೇಲೆ ಮೊದಲು ಹೋದದ್ದು ಕೊಪ್ಪಕ್ಕೆ, ಆ ತಮ್ಮನ ಹತ್ತಿರ. ಬೇಕರಿ ಅವನೇ ನೋಡಿಕೊಳ್ಳುತ್ತಾನೆ. ನಿಂತೇ ಎಲ್ಲ ಕೇಳಿದ. ಕೇಳಿ, ಎದ್ದು ಹೋಗಿ ಅಂತ ಒಂದೇ ಮಾತು ಹೇಳಿದ. ನಾನು ಕೂತೇ ಇರಲಿಲ್ಲ. ಕೇಸು ಹಾಕ್ತಾನೋ, ಏನು ಮಾಡ್ತಾನೋ, ಅವನಿಗೆ ಬಿಟ್ಟದ್ದು. ಈಗ ಅಂಗಡಿಯಲ್ಲಿ ನಾನು ಪ್ಲಗ್ಗು ಮಾರೋದಿಲ್ಲ. ಅವರು ಕೊಟ್ಟ ಗೇಜು ಅದೇ ಡ್ರಾಯರಿನಲ್ಲಿದೆ, ತೆಗೆಯೋಕೆ ಕೈ ಬರೋಲ್ಲ.

ಉಳಿದವರಿಗೆ ಒಬ್ಬೊಬ್ಬರಿಗೆ ಹೇಳಿಕೊಂಡು ತಿರುಗೋದು ಆಗದ ಮಾತು ಅಂತ ಇದನ್ನು ಬರೆದೆ. ಹುಣಸೂರಿನಲ್ಲಿ, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಕಡೆ ಅವರ ಕೈಯಲ್ಲಿ ಗಾಡಿ ಮಾಡಿಸಿಕೊಂಡವರು ಯಾರಾದರೂ ಓದಿದರೆ, ಓದದವರಿಗೂ ಹೇಳಿ. ಮೇಸ್ತ್ರಿಯ ಕಿವಿ ಸರಿಯಾಗಿತ್ತು.